ಗಾಳಿ ಹಿಡಿದ ಜೀಪು

ಮಲೆನಾಡಿನ ಕಾಫಿ ತೋಟಗಳಲ್ಲಿ ಇವತ್ತಿಗೂ ಓಡುವ ಹಳೇ ಡೀಸೆಲ್ ಜೀಪುಗಳ ಬಗ್ಗೆ ಒಂದು ಮಾತು ಹಲವು ಊರಲ್ಲಿ ಕೇಳಿಬರುತ್ತದೆ. ಜೀಪು ದಿನಾ ಒಂದೇ ತಿರುವಿನಲ್ಲಿ ನಿಲ್ಲುತ್ತದೆ. ಅಲ್ಲೊಂದು ಚೌಡಿಯ ಕಲ್ಲಿರುತ್ತದೆ, ಇಲ್ಲವೇ ಹಿಂದೆ ಯಾರೋ ಸತ್ತ ಜಾಗ ಅಂತ ಹೆಸರಿರುತ್ತದೆ. ಇಳಿದು, ಕಾಯಿ ಒಡೆದು, ಊದುಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವಂತೆ ಜೀಪು ಹೊರಡುತ್ತದೆ.

ಇದು ಕಟ್ಟುಕತೆ ಅಲ್ಲ. ನಿಲ್ಲುವುದೂ ನಿಜ, ಕಾಯಿ ಒಡೆದ ಮೇಲೆ ಹೊರಡುವುದೂ ನಿಜ. ನನ್ನ ತಕರಾರು ಕಾರಣದ ಬಗ್ಗೆ ಮಾತ್ರ. ಕಾಯಿ ಒಡೆಯದೆ ಅಷ್ಟೇ ಹೊತ್ತು ಸುಮ್ನೆ ಕೂತಿದ್ದರೂ ಆ ಜೀಪು ಬಹುಪಾಲು ಹೊರಡುತ್ತಿತ್ತು. ಚೌಡಿಗೆ ಭಕ್ತಿಯಿಂದ ಕಾಯಿ ಒಡೆಯುವುದು ಬೇರೆ ವಿಷಯ, ಅದಕ್ಕೆ ಯಾರೂ ಅಡ್ಡ ಬರಬೇಕಿಲ್ಲ. ಆದರೆ ಅದೇ ರಿಪೇರಿ ಅಂತ ನಂಬಿದರೆ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಉತ್ತರ ಇರುವುದೇ ಅಲ್ಲಿ.

ಡ್ರೈವರುಗಳು, ಮೆಕ್ಯಾನಿಕ್‌ಗಳು, ಪಾಠ ಮಾಡುವವರು ಕೂಡ "ಪಂಪ್ ಡೀಸೆಲ್ ಎಳೆಯುತ್ತೆ" ಅನ್ನುತ್ತಾರೆ. ಜೀಪಿನ ಪೈಪಿನಲ್ಲಿ ಯಾವುದೂ ಡೀಸೆಲ್ಲನ್ನು ಎಳೆಯುವುದಿಲ್ಲ. ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಮಾಡುವುದು ಇಷ್ಟೇ: ತನ್ನೊಳಗೆ ಒಂಚೂರು ಜಾಗ ದೊಡ್ಡದು ಮಾಡಿಕೊಂಡು ಅಲ್ಲಿಯ ಒತ್ತಡ ಕಡಿಮೆ ಮಾಡುತ್ತದೆ. ಆಮೇಲಿನ ಕೆಲಸ ಹೊರಗಿನ ಗಾಳಿಯದ್ದು. ಟ್ಯಾಂಕಿನ ಒಳಗೆ, ಡೀಸೆಲ್ ಮೇಲೆ ಕೂತಿರುವ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ, ಡೀಸೆಲ್ ಪೈಪಿಗೆ ನುಗ್ಗಿ ಪಂಪಿನ ತನಕ ಏರುತ್ತದೆ. ಎಳನೀರು ಕುಡಿಯುವಾಗಲೂ ಇದೇ ಆಗುವುದು. ಸ್ಟ್ರಾದಲ್ಲಿ ನಿಮ್ಮ ಬಾಯಿ ಗಾಳಿಗೆ ಜಾಗ ಬಿಡುತ್ತದೆ ಅಷ್ಟೇ, ನೀರನ್ನು ಮೇಲಕ್ಕೆ ದೂಡುವುದು ಬುರುಡೆಯೊಳಗಿನ ಗಾಳಿ. ತೂತಿನ ಸುತ್ತ ಸಂದಿಲ್ಲದಂತೆ ಮುಚ್ಚಿ ಕುಡಿದು ನೋಡಿ, ಎರಡು ಗುಟುಕಿಗೆ ಕೆನ್ನೆ ಒಳಕ್ಕೆ ಹೋಗುತ್ತದೆ, ನೀರು ಬರುವುದಿಲ್ಲ.

ಇದು ಗೊತ್ತಾಗಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಇಟಲಿಯ ಬಾವಿ ತೋಡುವವರಿಗೆ ಒಂದು ವಿಷಯ ಗೊತ್ತಿತ್ತು: ಎಷ್ಟೇ ಒಳ್ಳೆಯ ಪಂಪ್ ತಂದರೂ ನೀರು ಸುಮಾರು 10 ಮೀಟರಿಗಿಂತ ಮೇಲೆ ಬರುವುದಿಲ್ಲ. ಗೆಲಿಲಿಯೋ ಕೂಡ ಇದರ ಬಗ್ಗೆ ತಲೆ ಕೆಡಿಸಿಕೊಂಡ. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ನೀರಿನ ಬದಲು ಪಾದರಸ ತೆಗೆದುಕೊಂಡ. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಪಾದರಸ 76 ಸೆಂಟಿಮೀಟರಿಗೆ ನಿಂತುಬಿಟ್ಟಿತು. ನಾವು ಗಾಳಿಯ ಸಮುದ್ರದ ತಳದಲ್ಲಿ ಬದುಕುತ್ತಿದ್ದೇವೆ, ಪಾದರಸವನ್ನು ಎತ್ತಿ ಹಿಡಿದಿರುವುದು ಆ ಗಾಳಿಯ ಭಾರ ಎಂದು ಅವನು ಹೇಳಿದ. ಹಾಗಾದರೆ ಗುಡ್ಡದ ಮೇಲೆ ಭಾರ ಕಡಿಮೆ ಇರಬೇಕು ಅಲ್ವಾ? 1648ರಲ್ಲಿ ವಿಜ್ಞಾನಿ ಪಾಸ್ಕಲ್ ತನ್ನ ಭಾವ ಪೆರಿಯೆಯನ್ನು ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟ ಹತ್ತಿಸಿದ. ಮೇಲೆ ಹೋದಾಗ ಪಾದರಸ ಎಂಟು ಸೆಂಟಿಮೀಟರಿನಷ್ಟು ಇಳಿದಿತ್ತು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಎಂಬತ್ತರಷ್ಟು ಮಾತ್ರ.

ಇಷ್ಟಿದ್ದರೂ ಜೀಪಿಗೆ ಧಾರಾಳ. ಸಮುದ್ರ ಮಟ್ಟದ ಗಾಳಿ ಡೀಸೆಲ್ಲನ್ನು 12 ಮೀಟರ್ ಎತ್ತಬಲ್ಲದು. ಜೀಪಿಗೆ ಬೇಕಿರುವುದು ಎರಡು ಮೂರು ಅಡಿ. ಹಾಗಿರುವಾಗ ನಿಲ್ಲುವುದೇಕೆ?

ಗಾಳಿ ಟ್ಯಾಂಕಿನೊಳಗೆ ಬರಬೇಕಲ್ಲ! ಅದಕ್ಕೆಂದೇ ಮುಚ್ಚಳದಲ್ಲಿ ಗುಂಡುಸೂಜಿ ಹೋಗುವಷ್ಟು ಸಣ್ಣ ದಾರಿ ಇರುತ್ತದೆ. ಇಪ್ಪತ್ತು ಮೂವತ್ತು ವರ್ಷದ ಕೆಸರು, ಧೂಳು, ತುಕ್ಕು ಸೇರಿ ಅದು ಮುಚ್ಚಿಹೋಗುತ್ತದೆ. ಮಳೆ ನೀರು ಇಳಿಯದಿರಲಿ ಎಂದು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್ ಕಟ್ಟುವವರೂ ಇದ್ದಾರೆ. ಈಗ ಲೆಕ್ಕ ಹಾಕಿ. 40 ಲೀಟರಿನ ಟ್ಯಾಂಕು ಅರ್ಧ ತುಂಬಿದೆ ಅಂದುಕೊಳ್ಳಿ. ಮೇಲಿನ 20 ಲೀಟರ್ ಜಾಗದಲ್ಲಿ ಗಾಳಿ. ಒಂದು ಲೀಟರ್ ಡೀಸೆಲ್ ಉರಿದರೆ ಅದೇ ಗಾಳಿ 21 ಲೀಟರ್ ಜಾಗ ತುಂಬಬೇಕು. ಒತ್ತಡ ಐದು ಪರ್ಸೆಂಟ್ ಹತ್ತಿರ ಇಳಿಯಿತು. ಅಂದರೆ ಪಂಪ್ ಇದ್ದಕ್ಕಿದ್ದಂತೆ ಅರ್ಧ ಮೀಟರ್ ಮೇಲಕ್ಕೆ ಹೋದಂತೆ. ಗಾಳಿ 12 ಮೀಟರ್ ಎತ್ತಬಲ್ಲದಾದರೂ ಫೀಡ್ ಪಂಪ್ ತನ್ನೊಳಗಿನ ಒತ್ತಡವನ್ನು ಪೂರ್ತಿ ಇಳಿಸಲಾರದು, ಹಾಗಾಗಿ ಅದಕ್ಕೆ ಇದೂ ಹೊರೆಯೇ. ನಲವತ್ತಕ್ಕೆ ಮೂವತ್ತು ಸೆಂಟಿಮೀಟರಿನ ಟ್ಯಾಂಕಿನ ತಗಡಿನ ಮೇಲೆ ಹೊರಗಿನ ಗಾಳಿ 50ರಿಂದ 60 ಕೆಜಿ ತೂಕ ಹೇರುತ್ತದೆ. ಕೆಲವು ಹಳೇ ಟ್ಯಾಂಕುಗಳು ಒಳಕ್ಕೆ ಸೊಟ್ಟಗಾಗಿರುವುದು ಕಲ್ಲು ತಾಗಿ ಅಲ್ಲ, ಇದರಿಂದ.

ಟ್ಯಾಂಕು ಫುಲ್ ಮಾಡಿಸಿದ್ದರೆ ಇನ್ನೂ ಕಷ್ಟ. ಮೇಲೆ ಬರೀ ನಾಲ್ಕು ಲೀಟರ್ ಗಾಳಿ ಉಳಿದಿದ್ದರೆ, ಅದೇ ಒಂದು ಲೀಟರ್ ಉರಿದಾಗ ಒತ್ತಡ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಪಂಪು ಎರಡು ಮೀಟರ್ ಮೇಲೆ ಹೋದ ಲೆಕ್ಕ. ಒಂದಿಷ್ಟೂ ಗಾಳಿ ನುಸುಳದಿದ್ದರೆ, ತಗಡು ಬಾಗದಿದ್ದರೆ ಬರುವ ಲೆಕ್ಕ ಇದು, ನಿಜವಾಗಿ ಸ್ವಲ್ಪ ಕಡಿಮೆ ಆಗಬಹುದು. ಆದರೆ ಗಮನಿಸಿ, ತುಂಬಿದ ಟ್ಯಾಂಕೇ ಬೇಗ ನಿಲ್ಲಿಸುತ್ತದೆ. ಬಂಕಿನಲ್ಲಿ ಫುಲ್ ಹಾಕಿಸಿ ಎಂಟು ಹತ್ತು ಕಿಲೋಮೀಟರ್ ಬಂದು ನಿಂತರೆ ಜನ ಏನನ್ನುತ್ತಾರೆ? "ಡೀಸೆಲ್ ಕಲಬೆರಕೆ." ಎಷ್ಟೋ ಸಲ ಬಂಕಿನವರದ್ದು ಏನೂ ತಪ್ಪಿರುವುದಿಲ್ಲ.

ಈಗ ಆ ತಿರುವಿಗೆ ಬನ್ನಿ. ಜೀಪು ದಿನಾ ಅದೇ ಮನೆಯಿಂದ ಹೊರಡುತ್ತದೆ, ಅದೇ ದಾರಿಯಲ್ಲಿ ಬರುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ಅಷ್ಟೇ ಡೀಸೆಲ್ ಉರಿಸಿರುತ್ತದೆ. ಅಲ್ಲೇ ಕಡಿದಾದ ಏರು. ಎಂಜಿನ್ನಿಗೆ ಡೀಸೆಲ್ ಜಾಸ್ತಿ ಬೇಕು. ವಿಲ್ಲೀಸ್ ಮಾದರಿಯ ಸಿಜೆ ಜೀಪಿನಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಪಂಪ್ ಅದಕ್ಕಿಂತ ನಾಲ್ಕಡಿ ಮುಂದಿದೆ ಅಂದುಕೊಂಡರೆ, ನಾಲ್ಕಡಿಗೆ ಒಂದಡಿ ಏರುವ ರಸ್ತೆಯಲ್ಲಿ ಅದು ಇನ್ನೂ ಒಂದಡಿ ಮೇಲೆ ಹೋಗುತ್ತದೆ. ಮೂರೂ ಒಟ್ಟಿಗೆ ಬಂದು ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಯಾವಾಗಲೂ ಒಂದೇ ಜಾಗದಲ್ಲಿ ಆಗುವ ತೊಂದರೆಗೆ ಅಷ್ಟೇ ಖಚಿತವಾದ ಕಾರಣ ಇದ್ದೇ ಇರುತ್ತದೆ. ಕಾಯಿ ಒಡೆಯುವಷ್ಟರಲ್ಲಿ ಮುಚ್ಚಳದ ಸಂದಿಯಿಂದ ಗಾಳಿ ನಿಧಾನವಾಗಿ ಒಳಗಿಳಿದು ಒತ್ತಡ ಸರಿಹೋಗುತ್ತದೆ, ಜೀಪು ಹೊರಡುತ್ತದೆ. ಮುಂದಿನ ಸಲ ನಿಂತ ತಕ್ಷಣ ಮುಚ್ಚಳ ಬಿಚ್ಚಿ ಕಿವಿಗೊಡಿ. "ಹುಸ್" ಅಂತ ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಕಳ್ಳ ಸಿಕ್ಕಿದ. ತೂತನ್ನು ತಂತಿಯಿಂದ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದರೆ ಆಯಿತು.

ಸದ್ದು ಬರಲಿಲ್ಲವೇ? ಹಾಗಿದ್ದರೆ ಎರಡನೇ ಕಾಯಿಲೆ, ಗಾಳಿ ಬರಬಾರದ ಕಡೆಯಿಂದ ಬರುವುದು. "ಏರ್ ಹಿಡಿದಿದೆ" ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ಗಾಡಿ ಮಾಲೀಕರ ವಾದ ಒಂದೇ: "ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ, ಲೀಕ್ ಎಲ್ಲಿಂದ ಬಂತು?" ಆ ಸ್ಟ್ರಾದ ನಡುವೆ ಒಂದು ಸೀಳು ಬಿಟ್ಟಿದ್ದರೆ ಎಳನೀರು ಹೊರಗೆ ಸುರಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಪೈಪಿನೊಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಎಂಜಿನ್ ಓಡುವಾಗ ಅಲ್ಲಿಯ ಸೋರಿಕೆ ಬಹುಪಾಲು ಒಳಮುಖ. ಒಣಗಿದ ಪೈಪೇ ಅನುಮಾನದ ಪೈಪು.

ಒಂದು ಗುಳ್ಳೆ ಇಷ್ಟು ದೊಡ್ಡ ಎಂಜಿನ್ನನ್ನು ನಿಲ್ಲಿಸುತ್ತದಾ ಎಂದು ಕೇಳುವವರಿಗೆ ಈ ಲೆಕ್ಕ. ಹಳೇ ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯಲು 100 'ಬಾರ್'ಗೂ ಜಾಸ್ತಿ ಒತ್ತಡ ಬೇಕು, ಅಂದರೆ ಹೊರಗಿನ ಗಾಳಿಯ ಒತ್ತಡದ ನೂರು ಪಟ್ಟು. ಡೀಸೆಲ್ಲಿಗೆ ಆ ಒತ್ತಡ ಕೊಟ್ಟರೆ ಅದು ನೂರಕ್ಕೆ ಒಂದು ಪಾಲೂ ಕುಗ್ಗುವುದಿಲ್ಲ, ಒತ್ತಡ ನೇರ ನಾಝಲ್ಲಿಗೆ ಹೋಗುತ್ತದೆ. ಗಾಳಿಗೆ ಕೊಟ್ಟರೆ ಅದು ನೂರನೇ ಒಂದು ಪಾಲಿಗೆ ಮುದುಡಿ ಕೂರುತ್ತದೆ. ಆ ಒತ್ತಡ ಕೊಡುವ ಇಂಜೆಕ್ಷನ್ ಪಂಪ್ ಒಂದು ಹೊಡೆತಕ್ಕೆ ಕಳಿಸುವ ಡೀಸೆಲ್ ಎಷ್ಟು ಗೊತ್ತಾ? ಐಡ್ಲಿಂಗಿನಲ್ಲಿ ಒಂದು ಹನಿಗಿಂತ ಎಷ್ಟೋ ಕಡಿಮೆ. ಸಾಸಿವೆ ಕಾಳಿನಷ್ಟು ಗುಳ್ಳೆ ಸಾಕು, ಆ ಹೊಡೆತದ ಬಹುಪಾಲು ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ. ನಾಝಲ್ ಸರಿಯಾಗಿ ಬಾಯಿ ತೆರೆಯುವುದಿಲ್ಲ.

ಚರಿತ್ರೆ ನೋಡಿದರೆ ಆಶ್ಚರ್ಯವಾಗುತ್ತದೆ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಸಿಲಿಂಡರಿಗೆ ಊದುತ್ತಿದ್ದುದೇ ಗಾಳಿ. ಅದಕ್ಕೆ ಭಾರೀ ಕಂಪ್ರೆಸರ್ ಬೇಕಿತ್ತು. ಹಾಗಾಗಿ ಆ ಎಂಜಿನ್ನನ್ನು ಲಾರಿ, ಕಾರಿಗೆ ಕೂರಿಸುವುದು ಆಗದ ಮಾತಾಗಿತ್ತು. 1927ರಲ್ಲಿ ಬಾಷ್ ಕಂಪನಿ ಗಾಳಿಯ ಹಂಗಿಲ್ಲದ ಇಂಜೆಕ್ಷನ್ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಶುರು ಮಾಡಿತು. ಅದೇ ಬಾಷ್ ಜತೆ ಸೇರಿ 1951ರಲ್ಲಿ ಹುಟ್ಟಿದ್ದು ಬೆಂಗಳೂರು ಆಡುಗೋಡಿಯ ಮೈಕೋ. ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ "ಮೈಕೋ ಪಂಪ್". ಮಹೀಂದ್ರಾ 1979ರಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನಿಗೆ ಲೈಸೆನ್ಸ್ ಪಡೆಯಿತು, ಘಾಟಿಯಲ್ಲಿ ಇವತ್ತಿಗೂ ಅದರ ಸದ್ದು ಕೇಳಬಹುದು. ಪಂಪಿನ ಒಳಗಿನ ಲೋಹದ ಭಾಗಗಳ ನಡುವಿನ ಸಂದು ಕೂದಲಿಗಿಂತ ಎಷ್ಟೋ ಸಣ್ಣದು. ಅದಕ್ಕೇ ನನಗೆ ಸಿಟ್ಟು ಬರುವುದು, ಮುಚ್ಚಳದ ತೂತು ನೋಡದೆ, ಪೈಪ್ ನೋಡದೆ, ಮೊದಲು ಪಂಪನ್ನೇ ಬಿಚ್ಚಿ ಕೂರುವವರನ್ನು ಕಂಡಾಗ.

ಏರ್ ಹಿಡಿದಿದೆ ಅನ್ನುವುದಕ್ಕೆ ಗುರುತು ಸುಲಭ. ಬೆಳಿಗ್ಗೆ ಎಂಜಿನ್ ಎದ್ದು, ಹತ್ತು ಹದಿನೈದು ಸೆಕೆಂಡ್ ಓಡಿ, ಸೊರಗಿ ನಿಲ್ಲುತ್ತದೆ. ಪಂಪಿನಲ್ಲಿ ಉಳಿದ ಡೀಸೆಲ್ ಮುಗಿದು ಗುಳ್ಳೆ ಬಂತು ಅಂತ ಅರ್ಥ. ಏರಿಗೆ ಮೂತಿ ಮಾಡಿ ನಿಲ್ಲಿಸಿದ ದಿನ ಜಾಸ್ತಿ, ಯಾಕೆಂದರೆ ರಾತ್ರಿ ಸೀಳಿನಿಂದ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಫೀಡ್ ಪಂಪಿಗೆ ಬರುವ ರಬ್ಬರ್ ಪೈಪನ್ನು ತೆಗೆದು, ಒಳಗೆ ಕಾಣುವ ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿ ಎಂಜಿನ್ ಓಡಿಸಿ. ಸಾಲಾಗಿ ಗುಳ್ಳೆ ಬಂದರೆ ತೂತು ಟ್ಯಾಂಕಿನ ಕಡೆ ಇದೆ.

ಅದು ಎಲ್ಲಿದೆ ಎಂದು ಹುಡುಕುವುದಕ್ಕೆ ಒತ್ತಡವನ್ನು ತಿರುಗಿಸಬೇಕು. ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ ಬಾನೆಟ್‌ಗಿಂತ ಎತ್ತರದಲ್ಲಿ ಕಟ್ಟಿ, ಟ್ಯಾಂಕಿನ ಕಡೆಯ ಪೈಪಿನ ತುದಿಗೆ ಜೋಡಿಸಿ. ಈಗ ಪೈಪಿನೊಳಗಿನ ಒತ್ತಡ ಹೊರಗಿಗಿಂತ ಜಾಸ್ತಿ. ಪೈಪನ್ನೆಲ್ಲ ಬಟ್ಟೆಯಿಂದ ಒರೆಸಿ ಅರ್ಧ ಗಂಟೆ ಬಿಡಿ. ಇಷ್ಟು ದಿನ ಗುಟ್ಟಾಗಿ ಗಾಳಿ ಕುಡಿಯುತ್ತಿದ್ದ ಜಾಗ ಒದ್ದೆಯಾಗಿ ತಾನೇ ತೋರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಕ್ಲಿಪ್ಪಿನ ಕೆಳಗೆ ಬಿರುಕು ಬಿಟ್ಟ ರಬ್ಬರ್, ಫಿಲ್ಟರ್ ಬಟ್ಟಲಿನ ರಿಂಗು, ಇಲ್ಲವೇ ತಾಮ್ರದ ವಾಷರ್. ವಾಷರ್ ಪದೇ ಪದೇ ಬಿಗಿದು ಗಡುಸಾಗಿರುತ್ತದೆ. ಹೊಸದು ಸಿಗದಿದ್ದರೆ ಅದನ್ನು ಬಿಚ್ಚಿ, ಡೀಸೆಲ್ ಇರುವ ಜಾಗದಿಂದ ದೂರ ಒಯ್ದು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಾದರೆ ಗಟ್ಟಿಯಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ, ಮತ್ತೆ ಸಂದಿಗೆ ಸರಿಯಾಗಿ ಕೂರುತ್ತದೆ.

ಪೆಟ್ರೋಲ್ ಜೀಪು, ಹಳೇ ಜಿಪ್ಸಿಗಳ ಕತೆ ಸ್ವಲ್ಪ ಬೇರೆ. ಅಲ್ಲಿ ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಗಾಳಿಯ ಒತ್ತಡ ಕಡಿಮೆ ಇರುವ ಬೆಟ್ಟದ ಮೇಲೆ ಇನ್ನೂ ಬೇಗ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಹಳಬರ ಉಪಾಯ ಮೂಢನಂಬಿಕೆ ಅಲ್ಲ, ಆವಿ ತಣಿದು ಮತ್ತೆ ದ್ರವವಾಗುತ್ತದೆ.

ಡೀಸೆಲ್ ಜೀಪಿಗೆ ಸೋರಿಕೆ ಮುಚ್ಚಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕೈ ಪಂಪ್ ಒತ್ತಿ, ಬಿಗಿ ಮಾಡಿ. ಆಮೇಲೆ ನಾಝಲ್ ಪೈಪಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಕಂಡ ಕೂಡಲೇ ಒಂದೊಂದಾಗಿ ಬಿಗಿಯಿರಿ. ಅಲ್ಲಿಗೆ ಬೆರಳು ಅಡ್ಡ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ರಾತ್ರಿ ಜೀಪನ್ನು ಬೇಕೆಂದೇ ಏರಿಗೆ ಮೂತಿ ಮಾಡಿ ನಿಲ್ಲಿಸಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು ಓಡುತ್ತಲೇ ಇದ್ದರೆ ಸರಿ. ಹತ್ತು ಸೆಕೆಂಡಿಗೆ ಸೊರಗಿದರೆ ಇನ್ನೊಂದು ಸಂದು ಉಳಿದಿದೆ, ಕ್ಯಾನ್ ಮತ್ತೆ ಮೇಲೆ ಕಟ್ಟಿ.