ಹಳೇ ಬೀದಿಗೆ ಹೊಸ ಕಟ್ಟಡ: ಕಮಾನು, ಗೋಪುರ ಇಟ್ಟರೆ ಸಾಕೇ?

ಹಳೆಯ ಬಡಾವಣೆಯಲ್ಲಿ ಹೊಸ ಕಟ್ಟಡ ಹೇಗಿರಬೇಕು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಪಕ್ಕದ್ದರ ಹಾಗೇ ಕಟ್ಟಿಬಿಡಿ. ನಾನೂ ಮೊದಲು ಹಾಗೇ ಬರೆದಿದ್ದೆ. ಫ್ರಾನ್ಸಿನ ನೀಮ್ ಊರಿನ ಉದಾಹರಣೆ ಓದಿದ ಮೇಲೆ ಅದನ್ನು ಹೊಡೆದು ಹಾಕಿದೆ.

ನೀಮ್‌ನಲ್ಲಿ ಮೇಝೋಂ ಕಾರೇ ಎಂಬ ರೋಮನ್ ದೇವಾಲಯವಿದೆ. ವಯಸ್ಸು ಸುಮಾರು 2000 ವರ್ಷ. ಅದರ ಎದುರಿಗೇ 1993ರಲ್ಲಿ ಕಾರೇ ದಾರ್ ತೆರೆಯಿತು. ಲೈಬ್ರರಿ, ಕಲಾ ಮ್ಯೂಸಿಯಂ ಎರಡೂ ಇರುವ ಈ ಕಟ್ಟಡದ ವಿನ್ಯಾಸ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರದು. ಕಟ್ಟಿರುವುದು ಗಾಜು, ಉಕ್ಕು, ಕಾಂಕ್ರೀಟಿನಲ್ಲಿ. ಒಟ್ಟು 9 ಅಂತಸ್ತು. ಅಷ್ಟನ್ನೂ ಮೇಲಕ್ಕೆ ಎಬ್ಬಿಸಿದ್ದರೆ ದೇವಾಲಯ ಗೊಂಬೆಮನೆಯ ಹಾಗೆ ಕಾಣುತ್ತಿತ್ತು. ಅದಕ್ಕೇ ಸುಮಾರು ಅರ್ಧವನ್ನು ನೆಲದೊಳಗೆ ಇಳಿಸಿದರು. ಹಾಗಾದರೆ ಬೆಳಕು? ಕಟ್ಟಡದ ನಡುವೆ ಗಾಜಿನ ಸೂರಿನ ಅಂಗಳ ಬಿಟ್ಟರು. ನಮ್ಮ ತೊಟ್ಟಿಮನೆ ನೆನಪಾಗುತ್ತೆ ಅಲ್ವಾ? ಮುಂಭಾಗದಲ್ಲಿ ಎತ್ತರದ, ತೆಳ್ಳನೆಯ ಕಂಬಗಳಿವೆ. ಅವು ರೋಮನ್ ಕಂಬಗಳ ನಕಲಲ್ಲ. ಆದರೂ ಎದುರಿನ ಕಂಬಸಾಲಿನ ಜೊತೆ ಮಾತಾಡುತ್ತಿರುವಂತಿವೆ. ಎರಡರ ನಡುವಿನ ಚೌಕದಿಂದ ಕಾರುಗಳನ್ನು ತೆಗೆಸಿದ್ದೂ ಇದೇ ಕೆಲಸದ ಭಾಗ.

ಹಳೆಯ ಊರುಗಳನ್ನು ಕಾಪಾಡಲೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ, 1987ರ ವಾಷಿಂಗ್ಟನ್ ಸನ್ನದು, ಹೇಳುವುದೂ ಹತ್ತಿರಹತ್ತಿರ ಇದನ್ನೇ. ಹೊಸದನ್ನು ಕಟ್ಟುವಾಗ ಊರಿನ ಹಳೆಯ ವಿನ್ಯಾಸವನ್ನು, ಅದರಲ್ಲೂ ಗಾತ್ರ ಮತ್ತು ಸೈಟಿನ ಅಳತೆಯನ್ನು ಗೌರವಿಸಬೇಕು. ಸುತ್ತಲಿಗೆ ಒಗ್ಗುವ ಹೊಸ ಕಾಲದ ರೂಪಕ್ಕೆ ಅಡ್ಡಿ ಮಾಡಬಾರದು. 1964ರ ವೆನಿಸ್ ಸನ್ನದನ್ನು ಇದರ ಜೊತೆ ಬೆರೆಸಬೇಡಿ; ಅದು ಮುಖ್ಯವಾಗಿ ಸ್ಮಾರಕಗಳ ಬಗ್ಗೆ.

ಈಗ ಬೆಂಗಳೂರಿಗೆ ಬನ್ನಿ. 1956ರಲ್ಲಿ ಮುಗಿದ ವಿಧಾನಸೌಧದ ಪಕ್ಕ 2005ರಲ್ಲಿ ವಿಕಾಸಸೌಧ ಬಂತು. ಅದೇ ಕಲ್ಲಿನ ನೋಟ, ಅದೇ ಗುಮ್ಮಟ. ಪ್ರವಾಸಿಗರು ಯಾವುದು ಯಾವುದೋ ಅಂತ ತಡವರಿಸುತ್ತಾರೆ. ನನಗಂತೂ ಇದು ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಕಾಣುತ್ತೆ. ತಮಾಷೆ ಅಂದ್ರೆ, ವಿಧಾನಸೌಧ ತಾನೇ ಎದುರಿನ ಕೆಂಪು ಅಠಾರಾ ಕಚೇರಿಗೆ (ಈಗಿನ ಹೈಕೋರ್ಟ್) ಹೊಂದಿಕೊಳ್ಳಲು ಹೋಗಲಿಲ್ಲ, ಮೀರಿಸಿ ನಿಂತಿತು. ಸ್ವಾತಂತ್ರ್ಯ ಬಂದ ಹೊಸತು. ಕೆಂಗಲ್ ಹನುಮಂತಯ್ಯನವರಿಗೆ ಬೇಕಿದ್ದುದೂ ಅದೇ.

ಪೇಟೆ ಬೀದಿಗಳಲ್ಲಿ ಕಷ್ಟ ಬೇರೆ ಥರ. ಅಲ್ಲಿ ಸೈಟುಗಳು ಕಿರಿದು, ಉದ್ದ. ಮೂರು ಸೈಟು ಸೇರಿಸಿ ಒಂದೇ ಕಾಂಪ್ಲೆಕ್ಸ್ ಎಬ್ಬಿಸಿದರೆ, ಮುಂದೆ ಎಷ್ಟು ಕಮಾನು ಅಂಟಿಸಿದರೂ ಬಾಗಿಲು, ಜಗುಲಿ, ಬಾಗಿಲು, ಜಗುಲಿ ಎಂಬ ಲಯ ಕೆಡುತ್ತೆ. ಸುಮ್ನೆ ಕಣ್ಣು ಕಿರಿದು ಮಾಡಿ ಬೀದಿ ನೋಡಿ. ಅಲಂಕಾರ ಮಾಯವಾಗಿ ಎತ್ತರ, ಅಗಲ, ಸಾಲು ಮಾತ್ರ ಉಳಿಯುತ್ತೆ.

ಸೆಟ್‌ಬ್ಯಾಕ್, ಅಂದರೆ ಬೀದಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಜಾಗ, ಅದನ್ನೂ ಗಮನಿಸಿ. ಹೊಸ ಬಡಾವಣೆಗೆಂದು ಮಾಡಿದ ನಿಯಮವನ್ನು ಇಲ್ಲಿಗೂ ತಂದರೆ, ಬೀದಿಗೆ ಒತ್ತಿಕೊಂಡ ಮನೆಗಳ ಸಾಲಿನಲ್ಲಿ ಒಂದೇ ಕಟ್ಟಡ ಹಿಂದೆ ಸರಿದು, ಬೀದಿ ಹಲ್ಲು ಬಿದ್ದ ಬಾಯಿಯ ಹಾಗಾಗುತ್ತೆ. ಕಟ್ಟಿದವರು ನಿಯಮ ಮುರಿದಿರುವುದಿಲ್ಲ, ಪಾಲಿಸಿರುತ್ತಾರೆ ಅಷ್ಟೇ.