ಕೈ ನಮಗೆ, ಕಾಲು ಅವರಿಗೆ ಎಂಬ ಪಾಲುಪಟ್ಟಿ

ಪಾರ್ಶ್ವವಾಯುವಾದವರು ನಮ್ಮ ಆಕ್ಯುಪೇಷನಲ್ ಥೆರಪಿ (ಓಟಿ) ವಿಭಾಗಕ್ಕೆ ತರುವ ರೆಫರಲ್ ಚೀಟಿಯಲ್ಲಿ ಬಹಳ ಸಲ ಇರುವುದು ಇಷ್ಟೇ: ‘ಕೈಗೆ ಓಟಿ, ಕಾಲಿಗೆ ಫಿಸಿಯೋ’. ಅಣ್ಣತಮ್ಮಂದಿರು ಪಾಲುಪಟ್ಟಿ ಬರೆಸಿಕೊಂಡ ಹಾಗೆ ಸೊಂಟದ ಮೇಲಿನದು ನಮ್ಮದು, ಕೆಳಗಿನದು ಅವರದು. ವೇಳಾಪಟ್ಟಿ ಹಾಕುವವರಿಗೆ ಇದರಿಂದ ಅನುಕೂಲವಿರಬಹುದು, ಬೇರೆ ಯಾವ ಆಧಾರವೂ ಇದಕ್ಕಿಲ್ಲ. ಆಕ್ಯುಪೇಷನಲ್ ಥೆರಪಿ ದೇಹದ ಯಾವ ಅಂಗವನ್ನೂ ತನ್ನದೆಂದು ಬರೆಸಿಕೊಂಡಿಲ್ಲ. ಮನುಷ್ಯ ದಿನವಿಡೀ ಮಾಡುವ, ಮಾಡಲೇಬೇಕಾದ, ಮಾಡಲು ಆಸೆಪಡುವ ಕೆಲಸಗಳೇ ನಮ್ಮ ಕ್ಷೇತ್ರ. ಸ್ನಾನ, ಬಟ್ಟೆ, ಶೌಚ, ಓದು, ದುಡಿಮೆ, ಆಟ, ನಿದ್ದೆ, ನಾಲ್ಕು ಜನರೊಡನೆ ಬೆರೆಯುವುದು, ಎಲ್ಲ ಅದರೊಳಗೇ ಬಂತು. ಕೆಲಸ ಎಲ್ಲಿ ನಿಂತುಹೋಗಿದೆ ಎಂದು ಹುಡುಕುತ್ತಾ ಹೋದರೆ ಕಾರಣ ಕೈಯಲ್ಲಿ ಸಿಗಬಹುದು, ಕಣ್ಣಲ್ಲಿ ಸಿಗಬಹುದು, ಕುರ್ಚಿಯ ಎತ್ತರದಲ್ಲೂ ಸಿಗಬಹುದು.

ಅಂಗಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ‘ಇವರಿಗೆ ಅಂಗಿ ಹಾಕಿಕೊಳ್ಳಲು ಆಗುವುದಿಲ್ಲ’ ಎಂದು ಮನೆಯವರು ಮೂವರ ಬಗ್ಗೆ ಹೇಳುತ್ತಾರೆ ಅಂತಿಟ್ಟುಕೊಳ್ಳೋಣ. ಒಬ್ಬರನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿದರೆ ಮೈ ವಾಲುತ್ತದೆ. ಬೀಳದಿರಲೆಂದು ಗಟ್ಟಿಯಿರುವ ಕೈಯಿಂದ ಹಾಸಿಗೆಯನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಆ ಕೈಯನ್ನು ಬಿಟ್ಟರಲ್ಲವೇ ಗುಂಡಿ ಹಾಕುವುದು? ಅವರಿಗೆ ಮೊದಲು ಬೇಕಿರುವುದು ಕೂರುವ ಸಮತೋಲನ, ಅಲ್ಲಿಯತನಕ ಕೈಯೂರುವ ಕುರ್ಚಿ. ಎರಡನೆಯವರಿಗೆ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದೆ. ಬಲತೋಳನ್ನು ನೀಟಾಗಿ ಹಾಕಿಕೊಂಡು, ಎಡತೋಳು ಬೆನ್ನ ಹಿಂದೆ ಜೋತಾಡುತ್ತಿದ್ದರೂ ‘ಆಯ್ತು’ ಅನ್ನುತ್ತಾರೆ. ಕಣ್ಣು ಸರಿಯಿದ್ದರೂ ಎಡಗಡೆಗೆ ಗಮನವೇ ಹರಿಯದ ಸ್ಥಿತಿ ಅದು. ಮೂರನೆಯವರ ಕೈಯಲ್ಲಿ ಶಕ್ತಿಯಿದೆ, ಗಮನವೂ ಇದೆ. ಆದರೆ ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪಿಹೋಗಿ ಕಾಲರ್ ಒಳಗೆ ಕೈ ತೂರಿಸುತ್ತಾರೆ. ದೂರು ಒಂದೇ, ಕಾರಣ ಮೂರು. ಮೂವರಿಗೂ ಒಂದೊಂದು ರಬ್ಬರ್ ಚೆಂಡು ಕೊಟ್ಟು ಹಿಸುಕಿ ಅನ್ನುವವರಿಗೆ ಈ ವೃತ್ತಿ ಇನ್ನೂ ಅರ್ಥವಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಕಾರಣ ತಿಳಿದ ಮೇಲೆ ದಾರಿ ಎರಡು. ಕಳೆದುಹೋದ ಸಾಮರ್ಥ್ಯವನ್ನು ಮರಳಿ ತರಲು ನೋಡುವುದು ಒಂದು. ಕೆಲಸದ ರೀತಿಯನ್ನೋ ವಸ್ತುವನ್ನೋ ಜಾಗವನ್ನೋ ಬದಲಿಸುವುದು ಇನ್ನೊಂದು. ಸೋತ ಕೈಯನ್ನು ಮೊದಲು ತೋಳಿಗೆ ತೂರಿಸುವುದು, ಗುಂಡಿಯನ್ನು ಕೆಳಗಿನಿಂದ ಹಾಕುತ್ತಾ ಬರುವುದು, ಕೆಳಗಿನ ಗುಂಡಿಗಳನ್ನು ಬಿಚ್ಚದೆ ತಲೆಯ ಮೇಲಿಂದ ಇಳಿಸಿಕೊಳ್ಳುವುದು, ಗುಂಡಿಯ ಹಿಂದೆ ವೆಲ್ಕ್ರೋ ಹೊಲಿಸುವುದು. ಎರಡನೆಯ ದಾರಿ ಹಿಡಿದರೆ ಮನೆಯವರ ಮುಖ ಸಪ್ಪಗಾಗುತ್ತದೆ, ಗುಣವಾಗುವ ಆಸೆಯನ್ನು ನಾವೇ ಕೈಬಿಟ್ಟೆವೇನೋ ಎಂಬ ಅನುಮಾನ. ಹಾಗೇನಿಲ್ಲ. ಎರಡನ್ನೂ ಜೊತೆಜೊತೆಗೆ ನಡೆಸಬಹುದು, ಬಹುತೇಕ ನಡೆಸುತ್ತೇವೆ ಕೂಡ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ರೋಗಿಯೇ, ‘ಅಂಗಿ ನನ್ನ ಹೆಂಡತಿ ಹಾಕಲಿ ಬಿಡಿ, ರಾತ್ರಿ ಯಾರನ್ನೂ ಎಬ್ಬಿಸದೆ ಶೌಚಕ್ಕೆ ಹೋಗಿಬರುವ ಹಾಗಾದರೆ ಸಾಕು’ ಅನ್ನಬಹುದು. ಅಲ್ಲಿಗೆ ಅಂಗಿ ಪಕ್ಕಕ್ಕೆ. ಯಾವುದು ಮುಖ್ಯ ಎಂದು ತೀರ್ಮಾನಿಸುವ ಹಕ್ಕು ಅವರದು. ಇದಕ್ಕಾಗಿಯೇ ಕೆನಡಾದಲ್ಲಿ ರೂಪುಗೊಂಡ ಸಿಒಪಿಎಂ (ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಎಂಬ ಅಳತೆಯಿದೆ. ತಮಗೆ ಮುಖ್ಯವಾದ ಕೆಲಸಗಳನ್ನು ಅವರೇ ಆರಿಸಿ, ಅವನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರೊಳಗೆ ಅಂಕ ಕೊಡುತ್ತಾರೆ. ಕೆಲ ಕಾಲದ ನಂತರ ಮತ್ತೆ ಅದೇ ಪ್ರಶ್ನೆಗಳು. ಶೌಚದ ವಿಷಯ ಮಾತ್ರ ಮೊದಲ ಭೇಟಿಯಲ್ಲಿ ಯಾರ ಬಾಯಿಂದಲೂ ತಾನಾಗಿ ಬರುವುದಿಲ್ಲ, ಅದನ್ನು ನಾವೇ ಕೇಳಬೇಕು.

ಈ ವೃತ್ತಿಯ ಗುರುತಿನ ಗೊಂದಲ ಹೊಸದೇನಲ್ಲ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಸೇರಿ ಮೊದಲ ಸಂಘ ಕಟ್ಟಿದವರಲ್ಲಿ ವಿಲಿಯಂ ರಶ್ ಡಂಟನ್ ಮನೋವೈದ್ಯರು. ಆ ಸಭೆ ಕರೆದ ಜಾರ್ಜ್ ಬಾರ್ಟನ್ ವಾಸ್ತುಶಿಲ್ಪಿ, ಸ್ವತಃ ಕ್ಷಯ ಮತ್ತು ಪಾರ್ಶ್ವವಾಯು ಅನುಭವಿಸಿದವರು. ಎಲಿನರ್ ಕ್ಲಾರ್ಕ್ ಸ್ಲೇಗಲ್ ಮನೋರೋಗಿಗಳ ದಿನಚರಿಯನ್ನು ಮತ್ತೆ ಹಳಿಗೆ ತರುವ ಕೆಲಸದಲ್ಲಿದ್ದರು. ಹೀಗೆ ಬೇರೆಬೇರೆ ಕಡೆಯಿಂದ ಬಂದವರು ಕಟ್ಟಿದ ವೃತ್ತಿ ಮುಂದೆ ಸ್ನಾಯು, ಕೀಲು, ಕೋನಗಳ ಅಳತೆಯತ್ತ ವಾಲಿತು. ಅದು ವೈದ್ಯಲೋಕಕ್ಕೆ ಅರ್ಥವಾಗುವ ಭಾಷೆಯಾಗಿತ್ತು, ಗೌರವವೂ ಸಿಕ್ಕಿತು. ಚಟುವಟಿಕೆ ಹಿಂದೆ ಬಿತ್ತು. 1961ರಲ್ಲಿ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಮೇರಿ ರೈಲಿ, ಸ್ಲೇಗಲ್ ಹೆಸರಿನಲ್ಲಿ ನಡೆಯುವ ಉಪನ್ಯಾಸದಲ್ಲಿ ವೃತ್ತಿಯನ್ನು ಮತ್ತೆ ಅದರ ಬೇರಿನತ್ತ ಎಳೆದರು. ಎಳೆದಾಟ ಇನ್ನೂ ಮುಗಿದಿಲ್ಲ ಅನ್ನುವುದಕ್ಕೆ ನಮ್ಮ ವಿಭಾಗಗಳ ಕಪಾಟಿನಲ್ಲಿರುವ ಪ್ಲಾಸ್ಟಿಕ್ ಕೋನ್‌ಗಳೇ ಸಾಕ್ಷಿ. ಒಂದರ ಮೇಲೊಂದು ಪೇರಿಸಿ, ಮತ್ತೆ ಇಳಿಸಿ. ಯಾರ ಮನೆಯಲ್ಲಿ ಯಾರು ಕೋನ್ ಪೇರಿಸುತ್ತಾರೆ?

ಹಾಗಾದರೆ ಗಡಿ ಎಲ್ಲಿ? ರೋಗ ಯಾವುದೆಂದು ಹೇಳುವುದು, ಔಷಧ ಬರೆಯುವುದು ನಮ್ಮ ಕೆಲಸವಲ್ಲ. ನುಂಗುವಾಗ ಕೆಮ್ಮು ಬಂದರೆ ಸ್ಪೀಚ್ ಥೆರಪಿಸ್ಟ್ ನೋಡಲಿ. ಚಮಚ ಬಾಯಿ ತಲುಪುತ್ತಿಲ್ಲವೆಂದರೆ, ಕೂರುವ ಭಂಗಿ ಸರಿಯಿಲ್ಲವೆಂದರೆ ನಾವು. ಫಿಸಿಯೋಥೆರಪಿಯೊಂದಿಗಂತೂ ಗೆರೆ ಕೊಯ್ದು ತೋರಿಸಲಾಗದು. ವಾಕರ್ ಹಿಡಿದು ಕಾರಿಡಾರ್‌ನಲ್ಲಿ ನಡೆಯುವುದನ್ನು ಅವರು ಕಲಿಸಿರುತ್ತಾರೆ. ಅದೇ ವಾಕರ್ ಬಚ್ಚಲಿನ ಬಾಗಿಲಲ್ಲಿ ಹಿಡಿಸುತ್ತದೆಯೇ, ಒಳಗೆ ತಿರುಗಲು ಜಾಗವಿದೆಯೇ, ಟವೆಲ್ ಹಿಡಿದ ಕೈಯಲ್ಲಿ ವಾಕರ್ ಹಿಡಿಯುವುದು ಹೇಗೆ ಅನ್ನುವುದು ನಮ್ಮ ಚಿಂತೆ. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರದು ವ್ಯರ್ಥ.

ಮಕ್ಕಳ ವಿಷಯದಲ್ಲಿ ಉಯ್ಯಾಲೆ, ದೊಡ್ಡ ಚೆಂಡು, ಬಣ್ಣದ ದೀಪ ಇರುವ ಕೋಣೆಯೇ ಓಟಿ ಎಂಬಂತಾಗಿದೆ. ಅವೆಲ್ಲ ಸಾಧನಗಳು. ಬೇಗ ಸುಸ್ತಾಗಿ ಬರವಣಿಗೆ ನಿಲ್ಲಿಸುವ ಮಗುವನ್ನು ಉಯ್ಯಾಲೆ ಹತ್ತಿಸುವ ಮೊದಲು ಡೆಸ್ಕಿನ ಕೆಳಗೆ ಬಗ್ಗಿ ನೋಡಿ. ಪಾದ ನೆಲಕ್ಕೆ ತಾಗದೆ ತೂಗಾಡುತ್ತಿದ್ದರೆ ಮೊದಲು ಒಂದು ಕಾಲುಮಣೆ ಇಟ್ಟು ನೋಡಬೇಕು.

ಮಾನಸಿಕ ಆರೋಗ್ಯದಲ್ಲಿ ನಮ್ಮ ಪಾಲು ಜನರ ಕಣ್ಣಿಗೆ ಬೀಳುವುದೇ ಕಡಿಮೆ. ಖಿನ್ನತೆಯಿಂದ ಹಾಸಿಗೆ ಬಿಡದವರೊಂದಿಗೆ ಬೆಳಗಿನ ಒಂದು ಗಂಟೆಯನ್ನು ಸಣ್ಣಸಣ್ಣ ಕೆಲಸಗಳಾಗಿ ಒಡೆದು, ಇವತ್ತು ಎದ್ದು ಹಲ್ಲುಜ್ಜುವುದಷ್ಟೇ, ನಾಳೆ ಅದರ ಜೊತೆ ಇನ್ನೊಂದು ಎಂದು ಕಟ್ಟುತ್ತಾ ಹೋಗುವುದನ್ನು ನೋಡಿದವರಿಗೆ ಇದೂ ಚಿಕಿತ್ಸೆಯೇ ಅನ್ನಿಸುವುದಿಲ್ಲ. ಬಿಲ್ಲಿನಲ್ಲಿ ಬರೆಯಲೂ ಕಷ್ಟ.

ಇನ್ನು ಬರುವವರಿಗೆ ಒಂದೆರಡು ಮಾತು. ಸ್ಕ್ಯಾನ್ ವರದಿಗಳ ಜೊತೆಗೆ ಬಚ್ಚಲು, ಶೌಚಾಲಯ, ಮಲಗುವ ಕೋಣೆಯ ಫೋಟೋ ತನ್ನಿ. ಬಾಗಿಲಿನ ಅಗಲ, ಮಂಚದ ಎತ್ತರ, ಕಮೋಡಿನ ಎತ್ತರ ಅಳೆದು ಬರೆದುಕೊಂಡು ಬನ್ನಿ. ರೋಗಿ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಿದ್ದರು, ಈಗ ಅದರಲ್ಲಿ ಯಾವುದನ್ನು ನೀವು ಮಾಡಿಕೊಡುತ್ತಿದ್ದೀರಿ ಎಂದು ಪಟ್ಟಿ ಮಾಡಿ. ‘ಬಲಗೈ ಹಿಡಿತ ಹೆಚ್ಚಿಸುವುದು’ ಎಂದಷ್ಟೇ ನಿಮ್ಮ ಫೈಲಿನಲ್ಲಿ ಗುರಿ ಬರೆದಿದ್ದರೆ, ಹೆಚ್ಚಿದ ಮೇಲೆ ಆ ಕೈಯಿಂದ ಏನು ಮಾಡಲಿಕ್ಕೆ ಎಂದು ಥೆರಪಿಸ್ಟನ್ನು ಕೇಳಿ.