ನೀರು ತುಂಬಿದ ಹಳೆಯ ಫರ್ಸಿ ಖಣಿಯಲ್ಲಿ ರೆಸಾರ್ಟ್ ಮಾಡಬಹುದೇ?

ಪ್ರಶ್ನೆ: ಚಿತ್ತಾಪುರ ತಾಲೂಕಿನ್ಯಾಗ ಕಾಗಿಣಾ ಹೊಳಿ ದಂಡಿಗೆ ನಮ್ಮ ಅಜ್ಜನ ಕಾಲದ, ನೆಲಕ್ಕೆ ಹಾಸೋ ಫರ್ಸಿ ಕಲ್ಲಿನ ಖಣಿ ಅದ. ಕಲ್ಲು ತೆಗಿಯೋದು ನಿಂತು ಭಾಳ ವರ್ಷ ಆತು. ಖಣ್ಯಾಗ ವರ್ಷಪೂರ್ತಿ ನೀರು ನಿಂತಿರ್ತದ. ಹಳೇ ಪಾಲಿಶ್ ಶೆಡ್ಡು, ಕಲ್ಲಿನ ಆಫೀಸು, ಕೆಲಸಗಾರರ ಖೋಲಿ ಹಂಗೇ ನಿಂತಾವ. ಹಕ್ಕಿ ಭಾಳ ಬರ್ತಾವ. ಹೈದರಾಬಾದಿನ ನಮ್ಮ ಅಳಿಯ ‘ಮಾಮಾ, ಇಲ್ಲಿ ರೆಸಾರ್ಟ್ ಮಾಡೋಣು’ ಅಂತಾನ. ಖರೇನ ಆಗ್ತದೇನ್ರಿ? ಎಲ್ಲಿಂದ ಸುರು ಮಾಡಬೇಕು?

ಉತ್ತರ: ಆಗ್ತದ್ರಿ. ಆದರೆ ಆರೆಂಟು ಕೋಣೆಯ ಸಣ್ಣ ವಸತಿಧಾಮ ಮಾತ್ರ, ಅದೂ ಈಗ ನಿಂತಿರುವ ಕಟ್ಟಡಗಳ ಒಳಗೇ. ನಿಮ್ಮ ಅಳಿಯನ ಮನಸ್ಸಿನಲ್ಲಿ ಈಜುಕೊಳ, ಮದುವೆ ಹಾಲ್, ಡಿಜೆ ಇದ್ದರೆ ಈ ಜಾಗ ಅದಕ್ಕೆ ತಕ್ಕುದಲ್ಲ. ಶಹಾಬಾದ, ಸೇಡಂ, ಚಿತ್ತಾಪುರ ಕಡೆಯಿಂದ ಇದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿರುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಜಗತ್ತಿನಲ್ಲಿ ಈ ಬಗೆಯ ಕೆಲಸಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಪಂಪ್‌ಹೌಸ್ ಪಾಯಿಂಟ್. ಲೇಕ್ ಸೇಂಟ್ ಕ್ಲೇರ್ ಎಂಬ ಆಳವಾದ ಸರೋವರದಿಂದ ಜಲವಿದ್ಯುತ್ತಿಗೆ ನೀರೆತ್ತಲು 1940ರಲ್ಲಿ ಅಲ್ಲಿ ಪಂಪ್‌ಮನೆ ಕಟ್ಟಿದರು. ದಡದಿಂದ ಸುಮಾರು 250 ಮೀಟರ್ ಒಳಗೆ, ನೀರಿನ ನಡುವೆಯೇ ನಿಂತ ಕಾಂಕ್ರೀಟ್ ಕಟ್ಟಡ ಅದು. 1990ರ ದಶಕದಲ್ಲಿ ಅದರ ಕೆಲಸ ಮುಗಿಯಿತು. 2015ರಲ್ಲಿ ಅದೇ ಕಟ್ಟಡ ವಸತಿಧಾಮವಾಗಿ ಬಾಗಿಲು ತೆರೆಯಿತು. ಸರೋವರದ ನಡುವಿನ ಕಟ್ಟಡದಲ್ಲಿ 12, ದಡದ ಹಳೆಯ ಕಟ್ಟಡದಲ್ಲಿ 6, ಒಟ್ಟು 18 ಕೋಣೆ. ಹೊರಗಿನ ಗೋಡೆಗಳ ಚಹರೆಯನ್ನು ಬದಲಿಸಲಿಲ್ಲ. ಒಳಗೆ ಒರಟು ಮರದ ಹಲಗೆ ಹೊದಿಸಿ, ತಾಮ್ರದ ಪೈಪುಗಳನ್ನು ಕಣ್ಣಿಗೆ ಕಾಣುವಂತೆಯೇ ಬಿಟ್ಟರು. ಅದು ವಿಶ್ವ ಪರಂಪರೆಯ ಕಾಡಿನೊಳಗಿನ ಜಾಗ. ಹೀಗಾಗಿ ಯೋಚನೆ ಹುಟ್ಟಿದಾಗಿನಿಂದ ಮೊದಲ ಅತಿಥಿ ಬರುವ ಹೊತ್ತಿಗೆ ಹದಿನೈದು ವರ್ಷಕ್ಕೂ ಮಿಕ್ಕಿ ಸಮಯ ಹಿಡಿಯಿತು. ಆ ಅವಧಿಯ ಬಹುಪಾಲು ಹೋದದ್ದು ಅನುಮತಿ ಮತ್ತು ಹಣದ ಹೊಂದಾಣಿಕೆಗೆ.

ಚೀನಾದ ಯಾಂಗ್‌ಶುವೊದಲ್ಲಿ ಲೀ ನದಿಯ ದಂಡೆಯ 1960ರ ದಶಕದ ಸಕ್ಕರೆ ಕಾರ್ಖಾನೆಯೊಂದು 2017ರಲ್ಲಿ ಹೋಟೆಲ್ ಆಯಿತು. ದೋಣಿಗೆ ಸರಕು ಹೇರುತ್ತಿದ್ದ ಕಾಂಕ್ರೀಟ್ ಚೌಕಟ್ಟನ್ನು ಕೆಡವದೆ ಅದರ ಕೆಳಗೇ ಈಜುಕೊಳ ಮಾಡಿದ್ದಾರೆ. ಎರಡೂ ಕಡೆ ಜನ ದುಡ್ಡು ಕೊಟ್ಟು ನೋಡಲು ಬರುವುದು ಕೆಡವದೆ ಉಳಿಸಿಕೊಂಡ ಭಾಗವನ್ನೇ.

ನಿಮ್ಮಲ್ಲಿ ಉಳಿದಿರುವುದು ಏನು ಎಂದು ಮೊದಲು ನೋಡಿಕೊಳ್ಳಿ. ಭೂವಿಜ್ಞಾನಿಗಳು ಭೀಮಾ ಜಲಾನಯನದ ಸುಣ್ಣಕಲ್ಲು ಎಂದು ಕರೆಯುವುದು ಇದೇ ಫರ್ಸಿಯನ್ನು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಪದರ ಇರುವುದರಿಂದಲೇ ಹಾರೆ, ಚಾಣ, ಸುತ್ತಿಗೆ ಹಿಡಿದವರು ಬಾಂಬು ಹಚ್ಚದೆ ಚಪ್ಪಡಿ ಎಬ್ಬಿಸುತ್ತಿದ್ದರು. 1870ರ ದಶಕದಲ್ಲಿ ಈ ಭಾಗಕ್ಕೆ ರೈಲು ಬಂದಿತು, ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಬಿತ್ತು, ಫರ್ಸಿ ದೂರದೂರದ ಊರುಗಳ ನೆಲಕ್ಕೆ ಹೋಯಿತು. ನಿಮ್ಮ ಖಣಿಯ ಗೋಡೆಯ ಹತ್ತಿರ ನಿಂತರೆ ಬೂದು, ತಿಳಿನೀಲಿ, ಅಲ್ಲಲ್ಲಿ ನಸುಗೆಂಪು ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಅಂಚಿನಲ್ಲಿ ಚಾಣ ಬಿದ್ದ ಗುರುತುಗಳು ಸಾಲಾಗಿ ಇರುತ್ತವೆ. ಅದಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಹಚ್ಚಿದರೆ ಮುಗಿಯಿತು, ಆಮೇಲೆ ಯಾವ ದುಡ್ಡೂ ಅದನ್ನು ವಾಪಸ್ ತರುವುದಿಲ್ಲ. ಪಾಲಿಶ್ ಮಷೀನಿನ ಕಲ್ಲಿನ ಕಟ್ಟೆ, ಅದರಲ್ಲಿ ತುಕ್ಕು ಹಿಡಿದ ಬೋಲ್ಟು, ಗೋಡೆಗೆ ಬರೆದಿಟ್ಟ ಲೋಡಿನ ಲೆಕ್ಕ, ಇವೆಲ್ಲ ಇದ್ದಲ್ಲೇ ಇರಲಿ.

ಈಗ ಕಾಗದಪತ್ರ. ಪಹಣಿ ತೆಗೆಸಿ, ಖಣಿಯ ಜಾಗ ಪಟ್ಟಾ ಜಮೀನೋ, ಸರ್ಕಾರದಿಂದ ಲೀಸಿಗೆ ಪಡೆದದ್ದೋ ನೋಡಿ. ಲೀಸಿನ ಜಾಗವಾಗಿದ್ದು ಅವಧಿ ಮುಗಿದಿದ್ದರೆ ಅದು ನಿಮ್ಮದಲ್ಲ, ಅಜ್ಜನ ಹೆಸರು ಎಷ್ಟೇ ಹಳೆಯದಿರಲಿ. ಪಟ್ಟಾ ಇದ್ದರೂ ಪಹಣಿಯ ಖರಾಬ್ ಕಾಲಂ ಓದದೆ ಬಿಡಬೇಡಿ. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬಿನಲ್ಲಿ ಇರುತ್ತದೆ. ಅದರ ಮೇಲೆ ಕಟ್ಟಲೂ ಆಗದು, ಬೇಲಿ ಹಾಕಲೂ ಆಗದು. ಊರಿನ ದನ ನೀರಿಗಿಳಿಯುವ ದಾರಿ ನಿಮ್ಮ ಖಣಿಯ ಪಕ್ಕದಲ್ಲೇ ಇರುವ ಸಾಧ್ಯತೆ ಹೆಚ್ಚು. ಸರ್ವೇಯರ್ ಕರೆಸಿ ಹದ್ದುಬಸ್ತು ಮಾಡಿಸಿದರೆ ಮುಂದಿನ ಜಗಳ ಅಲ್ಲೇ ನಿಲ್ಲುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಹಳೆಯ ರಾಯಲ್ಟಿ, ದಂಡ ಏನಾದರೂ ಬಾಕಿ ಇದೆಯೋ ಕೇಳಿ. 2012ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶದ ನಂತರ ಸಣ್ಣ ಕಲ್ಲುಗಣಿಗೂ ಪರಿಸರ ಅನುಮತಿ ಬೇಕಾಯಿತು. ಆಮೇಲೂ ಅಲ್ಲಿ ಕಲ್ಲು ತೆಗೆದಿದ್ದರೆ ಆ ಕಾಗದ ಇದೆಯೇ ನೋಡಿಕೊಳ್ಳಿ. ಇಷ್ಟಾದ ಮೇಲೆ ಎನ್‌ಎ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ), ಪಂಚಾಯಿತಿ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ. ಹತ್ತಿರದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕವಿದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡವೇ ಇಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಶೌಚದ ನೀರಿನ ಬಗ್ಗೆ. ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಮಣ್ಣಿನ ನೆಲದಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರು ಇಂಗುಗುಂಡಿಗೆ ಹೋದರೆ ಮಣ್ಣೇ ಅದನ್ನು ಸೋಸುತ್ತದೆ. ಫರ್ಸಿ ನೆಲದಲ್ಲಿ ಹಾಗಿಲ್ಲ. ಪದರದ ಸಂದು, ಅಡ್ಡ ಬಿರುಕುಗಳಲ್ಲಿ ನೀರು ಸೋಸದೆ ಓಡುತ್ತದೆ. ಇವತ್ತು ನೀವು ಇಂಗಿಸಿದ್ದು ಕೆಲವೇ ದಿನಕ್ಕೆ ಖಣಿಯ ನೀರಿಗೆ ಇಳಿಯಬಹುದು, ಊರಿನ ಬೋರ್‌ವೆಲ್ಲಿಗೂ ಸೇರಬಹುದು. ಆದ್ದರಿಂದ ಈ ನೆಲದಲ್ಲಿ ಇಂಗುಗುಂಡಿ ಬೇಡವೇ ಬೇಡ. ನೀರು ಸೋರದಂತೆ ತಳಕಟ್ಟಿದ ತೊಟ್ಟಿಯಲ್ಲಿ ಜಲ್ಲಿ ತುಂಬಿ, ಜೊಂಡು, ಕ್ಯಾನಾ ಹೂವಿನ ಗಿಡ ಹಚ್ಚಿ ಶುದ್ಧ ಮಾಡುವ ಪದ್ಧತಿ ಇದೆ. ಆರೆಂಟು ಕೋಣೆಗೆ ಅದು ಸಾಲುತ್ತದೆ, ಹಾಗೆ ಬಂದ ನೀರನ್ನು ಗಿಡಗಳಿಗೆ ಬಿಡಬಹುದು. ನಲವತ್ತು ಕೋಣೆಗೆ ಅಷ್ಟರಲ್ಲಿ ಆಗದು. ಸಣ್ಣದಾಗಿ ಮಾಡಿ ಎಂದು ಹೇಳುತ್ತಿರುವುದಕ್ಕೆ ಇದೇ ದೊಡ್ಡ ಕಾರಣ. ಆ ನೀರು ಊರಿನವರದೂ ಹೌದು.

ಖಣಿಯ ನೀರಿನಲ್ಲಿ ಈಜು ಬೇಡ. ಕಲ್ಲು ಕತ್ತರಿಸಿ ತೆಗೆದ ಗೋಡೆ ನೆಟ್ಟಗೆ ಇರುತ್ತದೆ, ಬಿದ್ದವರಿಗೆ ಕಾಲೂರಲು ಮೆಟ್ಟಿಲಿಲ್ಲ, ಕೆಳಗಿನ ನೀರು ಬೇಸಿಗೆಯಲ್ಲೂ ತಣ್ಣಗೆ. ಬೇಸಿಗೆ ರಜೆಯಲ್ಲಿ ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿವರ್ಷ ಓದುತ್ತೇವೆ. ಅತಿಥಿಗಳಿಗಿಂತ ಮೊದಲು ಊರಿನ ಹುಡುಗರಿಗಾಗಿ ಸುತ್ತ ಗಟ್ಟಿ ಕಟಾಂಜನ ಹಾಕಿಸಿ, ಎರಡು ಕಡೆ ಕಬ್ಬಿಣದ ಏಣಿ ಇಳಿಸಿ, ಹಗ್ಗ ಕಟ್ಟಿದ ಟ್ಯೂಬ್ ತೂಗುಹಾಕಿ. ರೆಸಾರ್ಟ್ ಆಗಲಿ ಬಿಡಲಿ, ಈ ಕೆಲಸ ಈ ತಿಂಗಳೇ ಆಗಬೇಕು.

ಹೊಳೆಯ ಲೆಕ್ಕವೇ ಬೇರೆ. ಕಾಗಿಣಾ ತೆಲಂಗಾಣದ ವಿಕಾರಾಬಾದ್ ಕಡೆಯಿಂದ ತಾಂಡೂರು ಹಾದು ಬರುತ್ತದೆ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಜೋರು ಮಳೆಯಾದರೆ ನಿಮ್ಮ ದಂಡೆ ಮುಳುಗುತ್ತದೆ. ಮಳಖೇಡ, ದಂಡೋತಿಯ ಸೇತುವೆಗಳು ನೀರಿನಡಿ ಹೋಗುವುದನ್ನು ನೀವೇ ನೋಡಿದ್ದೀರಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ ಜಿಲ್ಲೆ ಪಟ್ಟ ಪಾಡು ಮರೆಯುವಂಥದ್ದಲ್ಲ. ಆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿ ಗೋಡೆಗೆ ಗುರುತು ಮಾಡಿಸಿ. ಮಲಗುವ ಕೋಣೆ, ಜನರೇಟರ್, ಶೌಚದ ತೊಟ್ಟಿ ಎಲ್ಲವೂ ಆ ಗೆರೆಗಿಂತ ಮೇಲಿರಬೇಕು. ಸೇತುವೆ ಮುಳುಗಿದ ದಿನ ಅತಿಥಿಯನ್ನು ಯಾವ ದಾರಿಯಿಂದ ಹೊರಗೆ ಕಳಿಸುತ್ತೀರಿ ಎಂಬುದೂ ಮೊದಲೇ ಗೊತ್ತಿರಲಿ.

ಕಟ್ಟಡಗಳಲ್ಲಿ ಕಲ್ಲಿನ ಆಫೀಸು ಮತ್ತು ಖೋಲಿಗಳು ಕೋಣೆಗಳಾಗಲಿ. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆಗೆ ಸುಣ್ಣದ ಗಾರೆ ಹಚ್ಚಿ, ಮೇಲೆ ಮಣ್ಣಿನ ಮಾಳಿಗೆ ಹಾಕಿದರೆ 43 ಡಿಗ್ರಿಯ ಏಪ್ರಿಲ್ ಮಧ್ಯಾಹ್ನವೂ ಒಳಗೆ ಸಹನೀಯ. ಪಾಲಿಶ್ ಶೆಡ್ಡಿನಲ್ಲಿ ಯಾರನ್ನೂ ಮಲಗಿಸಬೇಡಿ. ಅದು ಊಟದ ಜಾಗ, ಕೂತು ಮಾತಾಡುವ ಜಾಗ ಆಗಲಿ. ಅದರ ಮೇಲಿರುವುದು ಹಳೆಯ ಸಿಮೆಂಟ್ ಶೀಟಾದರೆ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಶೀಟನ್ನು ನೀರಿನಿಂದ ತೋಯಿಸಿ, ಒಡೆಯದೆ ಇಡಿಯಾಗಿ, ತಿಳಿದವರ ಕೈಯಿಂದಲೇ ಇಳಿಸಬೇಕು. ಶೆಡ್ಡಿನ ಹಿಂದೆ ಗುಡ್ಡೆಯಾದ, ಕಲ್ಲು ಪಾಲಿಶಿನ ಬಿಳಿ ರಾಡಿ ಒಣಗಿದರೆ ಗಾಳಿಗೆ ಹಾರುತ್ತದೆ, ಮಳೆಗೆ ಹೊಳೆ ಸೇರುತ್ತದೆ. ಅದರ ಮೇಲೆ ಕೆರೆಯ ಮಣ್ಣು ಹೊದಿಸಿ ಬೇವು, ಹೊಂಗೆ ಹಚ್ಚಿ.

ಹಕ್ಕಿಗಳ ವಿಷಯದಲ್ಲಿ ಒಂದೇ ಮಾತು. ಖಣಿಯ ಗೋಡೆಯ ಸಂದಿನಲ್ಲಿ ಕೊಂಬಿನ ಗೂಬೆ ಮೊಟ್ಟೆ ಇಡುತ್ತದೆ, ಅದೂ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ, ಅಂದರೆ ನಿಮಗೆ ಅತಿಥಿಗಳು ಹೆಚ್ಚು ಬರುವ ತಿಂಗಳುಗಳಲ್ಲೇ. ಖಣಿಯ ಒಂದು ಬದಿಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಡಿ. ಆ ಕಡೆ ದಾರಿಯೂ ಬೇಡ, ರಾತ್ರಿ ದೀಪವೂ ಬೇಡ. ಸುರಪುರದ ಬೋನಾಳ ಕೆರೆಯನ್ನು ಒಮ್ಮೆ ಹೋಗಿ ನೋಡಿ, ಹಕ್ಕಿ ನೋಡುವ ಜನರಿಗೆ ಬೇಕಿರುವುದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಅದೇ ಸುರಪುರದ ಗುಡ್ಡದ ಮೇಲೆ 19ನೇ ಶತಮಾನದ ನಡುವಿನಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇಂದು ಸರ್ಕಾರಿ ಅತಿಥಿಗೃಹ. ಬಳಕೆಯಲ್ಲಿರುವುದರಿಂದಲೇ ಅದು ಇನ್ನೂ ನಿಂತಿದೆ. ಬೀದರ ಪಕ್ಕದ ವಿಲಾಸಪುರ ಕೆರೆ ಬದಿಯ, ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ವಸತಿಧಾಮವನ್ನೂ ನೋಡಿ ಬನ್ನಿ. ಕೃಷ್ಣಮೃಗದ ಹೆಸರಿನಲ್ಲಿ ಜನ ನಮ್ಮ ಬಿಸಿಲುನಾಡಿಗೂ ಬರುತ್ತಾರೆ ಎಂಬುದಕ್ಕೆ ಅದು ಸಾಕ್ಷಿ.

ಬರುವವರು ಹೈದರಾಬಾದ್, ಸೊಲ್ಲಾಪುರದವರು. ಗಾಣಗಾಪುರ, ಬಂದೇನವಾಜ್ ದರ್ಗಾ, ಸನ್ನತಿ, ಮಳಖೇಡ ನೋಡಿ ಒಂದೆರಡು ರಾತ್ರಿ ತಂಗುವವರು. ಅವರಿಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ನಮ್ಮ ತೊಗರಿಬೇಳೆಯ ಸಾರು ಬಡಿಸಿ. ಅಡುಗೆಗೆ ಊರಿನ ಹೆಣ್ಣುಮಕ್ಕಳೇ ಇರಲಿ. ಆ ಖಣಿಯಲ್ಲಿ ಚಾಣ ಹಿಡಿದು ದುಡಿದ ಹಿರಿಯರು ಊರಿನಲ್ಲಿ ಇನ್ನೂ ಇದ್ದರೆ, ಕಲ್ಲು ಎಬ್ಬಿಸುವುದನ್ನು ತೋರಿಸಿ ಹೇಳಲು ಅವರನ್ನೇ ಸಂಬಳ ಕೊಟ್ಟು ಕರೆಯಿರಿ. ಯಾವ ಪದರ ಯಾವ ಸದ್ದು ಕೊಡುತ್ತದೆ, ಎಲ್ಲಿ ಹೊಡೆದರೆ ಚಪ್ಪಡಿ ಇಡಿಯಾಗಿ ಏಳುತ್ತದೆ ಎಂಬುದು ಅವರ ಕೈಗೆ ಮಾತ್ರ ಗೊತ್ತು.

ಈ ವರ್ಷ ಕಟ್ಟಡಕ್ಕೆ ಕೈ ಹಚ್ಚಬೇಡಿ. ಕಟಾಂಜನ ಮತ್ತು ಹದ್ದುಬಸ್ತು ಮುಗಿಸಿ. ಖಣಿಯ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಬರುವ ದಸರೆ ಹೊತ್ತಿಗೆ ಎರಡು ಖೋಲಿ ದುರಸ್ತಿ ಮಾಡಿ ಮೊದಲು ಬೀಗರನ್ನೇ ಕರೆದು ಇರಿಸಿ, ಅವರು ಎಲ್ಲಿ ತೊಂದರೆ ಪಟ್ಟರೆಂದು ಕೇಳಿ ಬರೆದಿಟ್ಟುಕೊಳ್ಳಿ. ಮೂರನೆಯ ಕೋಣೆಯ ಖರ್ಚು ಆ ಪಟ್ಟಿ ನೋಡಿದ ಮೇಲೆ.